ಗೆಳೆಯನಿಗೊಂದು ಪತ್ರ: ಯಾವ ರಾಗ ಹಾಕಲಿ ಅಂತ ಕೇಳಿದೆಯಲ್ಲ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನಿನ್ನಮ್ಮನ ಮರೆವಿನ ಕಾಯಿಲೆಯ ಮಾತು ಬಂದಾಗ ನೀನು ಕೇಳಿದೆ, "ಅಮ್ಮನಿಗೆ ಯಾವ ರಾಗ ಹಾಕಿದರೆ ಒಳ್ಳೆಯದು ಮಾರಾಯ? ನಿನ್ನ ಅಪ್ಪನಿಗೆ ಯಾವುದು ಹಾಕಿದ್ದರು?" ಅಂತ. ನಾನು ಆಗ ಬದಿಯಡ್ಕ ಪೇಟೆಯಲ್ಲಿದ್ದೆ. ಬಸ್ಸುಗಳ ಸದ್ದಿನಲ್ಲಿ ಸರಿಯಾಗಿ ಮಾತಾಡಲಾಗಲಿಲ್ಲ. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಉಳಿಯಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ. ನಮ್ಮ ಕಡೆ ಇದೇ ಪ್ರಶ್ನೆ ಇಟ್ಟುಕೊಂಡ ಮನೆಗಳು ಇನ್ನೂ ಎಷ್ಟೋ ಇವೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಅಪ್ಪನಿಗೆ ಯಾರೂ ಯಾವ ರಾಗವನ್ನೂ ಹಾಕಲಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ಎರಡು ವರ್ಷದ ಹಿಂದಿನ ಮಳೆಗಾಲ, ಆಟಿ ತಿಂಗಳು. ಬೆಳಿಗ್ಗೆ ಕಾಫಿ ಲೋಟ ಅಪ್ಪನ ಬಲಗೈಯಿಂದ ಜಾರಿತು. ಬಾಯಿ ಓರೆಯಾಯಿತು. ಆ ಮಳೆಯಲ್ಲಿ ತಲಪಾಡಿ ಗಡಿ ದಾಟಿ ಮಂಗಳೂರು ಮುಟ್ಟುವಾಗ ಮಧ್ಯಾಹ್ನ ಹತ್ತಿರವಾಗಿತ್ತು. ಸ್ಟ್ರೋಕ್, ಮೆದುಳಿನ ಎಡಭಾಗಕ್ಕೆ. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. "ನೀರು" ಅನ್ನಲು ಹೊರಟರೆ "ತ... ತ..." ಅಂತ ಅಲ್ಲೇ ನಿಲ್ಲುವುದು. ಆಮೇಲೆ ಸಿಟ್ಟು ಬಂದು ಎಡಗೈಯಲ್ಲಿ ಮಂಚಕ್ಕೆ ಗುದ್ದುವುದು. ಬೆಳಗಿನವರೆಗೆ ತಾಳಮದ್ದಳೆಯಲ್ಲಿ ಕೂತು ಯಕ್ಷಗಾನದ ಪದ ಹಾಡುತ್ತಿದ್ದ ಗಂಟಲು ಅದು. ನಿನಗೇ ಗೊತ್ತಲ್ಲ, ಹೈಸ್ಕೂಲಿನಲ್ಲಿದ್ದಾಗ ನಾವಿಬ್ಬರೂ ಅವರ ಹಿಂದೆ ಕೂತು ನಿದ್ದೆ ಹೋಗುತ್ತಿದ್ದೆವು.

ಒಂದು ಸಂಜೆ ಚಿಕ್ಕಪ್ಪ ಬಂದವರು ಜಗಲಿಯಲ್ಲಿ ಸುಮ್ನೆ ಮದ್ದಳೆ ಮೇಲೆ ಕೈ ಆಡಿಸುತ್ತಾ ಒಂದು ಪದ ಎತ್ತಿದರು. ಒಳಗಿನ ಕೋಣೆಯಿಂದ ಅಪ್ಪನ ದನಿ ಸೇರಿಕೊಂಡಿತು. ಶ್ರುತಿ ಸ್ವಲ್ಪ ಆಚೀಚೆ, ಆದರೆ ಸಾಹಿತ್ಯ ಪೂರ್ತಿ! ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದರು. ಮಾತು ಬಂತು ಅಂತ ಎಲ್ಲರೂ ಅತ್ತೆವು. ಮರುದಿನ ಬೆಳಿಗ್ಗೆ ನೀರು ಬೇಕಾದಾಗ ಮತ್ತೆ ಅದೇ "ತ... ತ..."

ಫಿಸಿಯೋಥೆರಪಿಗೆ ಹೋಗುತ್ತಿದ್ದ ಜಾಗಕ್ಕೆ ವಾರದಲ್ಲಿ ಎರಡು ದಿನ ಒಬ್ಬರು ಮ್ಯೂಸಿಕ್ ಥೆರಪಿಸ್ಟ್, ಅಂದರೆ ಸಂಗೀತದ ಮೂಲಕ ಚಿಕಿತ್ಸೆ ಮಾಡುವವರು, ಬರುತ್ತಿದ್ದರು. ಕಣ್ಣೂರಿನ ಕಡೆಯವರು. ನಾವು ಟೀಚರ್ ಅಂತಲೇ ಕರೆಯುತ್ತಿದ್ದೆವು. ಈ ಕತೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಮಾತು ಹೋದ ಮನುಷ್ಯ ಪ್ರಾರ್ಥನೆ ಗೀತೆಗಳನ್ನು ಹಾಡಿದ್ದನ್ನು 18ನೇ ಶತಮಾನದಲ್ಲೇ ಸ್ವೀಡನ್ನಿನಲ್ಲಿ ಬರೆದಿಟ್ಟಿದ್ದಾರಂತೆ. ಬಾಯಿಪಾಠ ಬಂದ ಹಾಡು ಬೇರೆ, ಈಗ ಹೊಸದಾಗಿ ಕಟ್ಟಿ ಆಡುವ ಮಾತು ಬೇರೆ ಅಂತ ಅವರು ಬಿಡಿಸಿ ಹೇಳಿದರು. ಮಾತನ್ನು ಕಟ್ಟುವ ಜಾಗ ಹೆಚ್ಚಿನವರಲ್ಲಿ ಮೆದುಳಿನ ಎಡಗಡೆ ಇರುತ್ತದೆ. ಹಾಡಿಗೆ ಎರಡೂ ಕಡೆ ಕೆಲಸ ಮಾಡುತ್ತವೆ, ಬಲಗಡೆಯ ಪಾಲು ದೊಡ್ಡದು. ಎಡಗಡೆ ಪೆಟ್ಟು ಬಿದ್ದರೂ ಹಾಡು ಉಳಿಯುವುದು ಅದಕ್ಕೆ. "ಹಾಡಿದರು ಅಂತ ಮಾತು ಬಂದ ಹಾಗಲ್ಲ. ಆದರೆ ದಾರಿ ಒಂದು ತೆರೆದಿದೆ, ಅದರಲ್ಲಿ ಮಾತನ್ನು ಕರೆದುಕೊಂಡು ಬರಬಹುದಾ ನೋಡೋಣ" ಅಂದರು.

ಮೊದಲ ದಿನ ಟೀಚರ್ ಒಂದು ಸ್ವರವನ್ನೂ ಹಾಡಲಿಲ್ಲ. ಒಂದು ಗಂಟೆಗಿಂತ ಜಾಸ್ತಿ ಪ್ರಶ್ನೆಗಳೇ. ಅಪ್ಪನಿಗೆ ಕಿವಿ ಹೇಗೆ ಕೇಳುತ್ತದೆ? ಯಾವ ಸದ್ದು ಆಗಿಬರುವುದಿಲ್ಲ? ಮನೆಯಲ್ಲಿ ಕನ್ನಡ, ತೋಟದ ಆಳುಗಳ ಹತ್ತಿರ ತುಳು, ಪೇಟೆಯಲ್ಲಿ ಮಲಯಾಳ ಅಂದೆನಲ್ಲ, ಸಿಟ್ಟು ಬಂದಾಗ ಯಾವ ಭಾಷೆ? ಅಪ್ಪ ಎಷ್ಟು ಶಬ್ದದವರೆಗೆ ತಿರುಗಿ ಹೇಳಬಲ್ಲರು, ಎಡಗೈಯಲ್ಲಿ ತಾಳ ನಿಲ್ಲುತ್ತದಾ ಅಂತೆಲ್ಲ ನೋಡಿ ಬರೆದುಕೊಂಡರು. ಆಮೇಲೆ ಮೂರು ತಿಂಗಳಿಗೆ ಒಂದು ಗುರಿ ಬರೆದರು: ಯಾರೂ ಎತ್ತಿಕೊಡದೆ ತಾನಾಗಿ ಐದು ವಾಕ್ಯ. ಗುರಿಯಲ್ಲಿ ಸಂಗೀತದ ಮಾತೇ ಇರಲಿಲ್ಲ. ನನಗೆ ಈ ಚಿಕಿತ್ಸೆ ಏನು ಅಂತ ಅರ್ಥವಾಗಿದ್ದು ಆ ಕಾಗದ ನೋಡಿದಾಗ. ಅವರಿಗೆ ಬೇಕಾಗಿದ್ದದ್ದು ಅಪ್ಪನ ಮಾತು. ಅಪ್ಪನೊಳಗೆ ಮೊದಲೇ ಇದ್ದ ಹಾಡು ಅದನ್ನು ಎಳೆದು ತರುವ ಹಗ್ಗ.

ಆ ಕೆಲಸ ಹೇಗೆ ನಡೆಯಿತು ಅಂತ ಹೇಳುತ್ತೇನೆ. ಟೀಚರ್ ಎದುರು ಕೂತು ಅಪ್ಪನ ಎಡಗೈ ಹಿಡಿಯುತ್ತಿದ್ದರು. "ಕಾ-ಫಿ ಬೇ-ಕು." ಮೊದಲು ಬಾಯಿ ಮುಚ್ಚಿ ಬರೀ ಗುಂಯ್ ಅನ್ನುವುದು. ಎರಡೇ ಸ್ವರ, ಒಂದು ತಗ್ಗಿನದು, ಒಂದು ಮೇಲಿನದು. ಒಂದೊಂದು ಅಕ್ಷರಕ್ಕೂ ಅಪ್ಪನ ಕೈಯನ್ನು ಮೇಜಿನ ಮೇಲೆ ಮೆತ್ತಗೆ ತಟ್ಟುವುದು. ಆಮೇಲೆ ಇಬ್ಬರೂ ಸೇರಿ ಹಾಡುವುದು. ಅರ್ಧದಲ್ಲಿ ಟೀಚರ್ ದನಿ ತೆಗೆದುಬಿಡುತ್ತಿದ್ದರು, ಉಳಿದದ್ದನ್ನು ಅಪ್ಪ ಮುಗಿಸಬೇಕು. ಅದು ಸರಿ ಬಂದರೆ "ಎಂತ ಬೇಕು?" ಅಂತ ಪ್ರಶ್ನೆ. ವಾರಗಳು ಕಳೆದ ಹಾಗೆ ಹಾಡು ಸಣ್ಣಗಾಗಿ ಮಾತಿನ ಧಾಟಿಗೆ ಇಳಿಯಬೇಕು. ಕೊನೆಗೆ ರಾಗವೇ ಇರಬಾರದು.

ಮೇಲಿನ ಸ್ವರ ಯಾವ ಅಕ್ಷರಕ್ಕೆ ಹಾಕುವುದು ಅಂತ ಅವರಿಗೆ ಸಂಶಯ. ಮಲಯಾಳದವರಲ್ವಾ. ಅಮ್ಮನ ಬಾಯಲ್ಲಿ ಒಂದೊಂದು ವಾಕ್ಯವನ್ನೂ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ನಮ್ಮ ಊರಿನ ಕನ್ನಡ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅಂತ ಕೇಳಿ ಕೇಳಿ ಬರೆದರು. ಪುಸ್ತಕದ ಕನ್ನಡ ಕಲಿಸಿದ್ದರೆ ಅಪ್ಪನ ನಾಲಗೆ ಹೊರಳುತ್ತಿರಲಿಲ್ಲವೇನೋ.

ಈ ಕ್ರಮಕ್ಕೆ ಮೆಲೋಡಿಕ್ ಇಂಟೊನೇಶನ್ ಥೆರಪಿ ಅಂತ ಹೆಸರು. ಅಮೆರಿಕದ ಬಾಸ್ಟನ್ನಿನಲ್ಲಿ 1973ರಲ್ಲಿ ಹೊರಗೆ ಬಂದದ್ದು. ಎಡಗೈ ಯಾಕೆ ಗೊತ್ತಾ? ಎಡಗೈಯನ್ನು ನಡೆಸುವುದು ಬಲಗಡೆಯ ಮೆದುಳು. ಕೈ ತಟ್ಟಿದಾಗ ಆ ಕಡೆ ಎಚ್ಚರವಾಗುತ್ತದೆ ಅನ್ನುವುದು ಲೆಕ್ಕ. ಉಪಕಾರ ಮಾಡುವುದು ರಾಗವೋ ತಾಳವೋ, ನಿಧಾನಕ್ಕೆ ಹೇಳುವುದೋ ಅಂತ ಸಂಶೋಧಕರಲ್ಲಿ ಇನ್ನೂ ಚರ್ಚೆ ಉಂಟು. ಎಲ್ಲರಿಗೂ ಇದು ಹಿಡಿಸುವುದಿಲ್ಲ ಕೂಡ. ಅರ್ಥ ಮಾಡಿಕೊಳ್ಳುವ ಶಕ್ತಿ ಉಳಿದು ಹೇಳುವ ಶಕ್ತಿ ಮಾತ್ರ ಹೋದವರಿಗೆ, ಅಂದರೆ ಅಪ್ಪನಂಥವರಿಗೆ, ಜಾಸ್ತಿ ಸರಿ. ವಾರಕ್ಕೆ ಎರಡು ಸಲ ಮಾಡಿದರೆ ಏನೂ ಸಾಲದು. ದಿನಾ ಅರ್ಧ ಗಂಟೆ ಅಮ್ಮ ಮಾಡಿಸಿದರು. ನಿಜವಾಗಿ ಗೆದ್ದವರು ಅಮ್ಮ.

ಕಾಲಿನದ್ದು ಬೇರೆ ಕೆಲಸ. ಅಪ್ಪ ಊರುಗೋಲು ಹಿಡಿದು ನಿಮಿಷಕ್ಕೆ 48 ಹೆಜ್ಜೆ ಇಡುತ್ತಿದ್ದರು, ಅದೂ ಒಂದು ಉದ್ದ ಒಂದು ಗಿಡ್ಡ. ಟೀಚರೂ ಫಿಸಿಯೋದವರೂ ಸೇರಿ ಅದೇ 48ಕ್ಕೆ ತಾಳ ಇಟ್ಟರು. ಹೆಜ್ಜೆ ಅದರ ಮೇಲೆ ಕೂತ ಮೇಲೆ ನೂರಕ್ಕೆ ಐದು, ಹತ್ತು ಅಂತ ಚೂರು ಚೂರೇ ಏರಿಸಿದರು. ಪಾರ್ಕಿನ್ಸನ್ ಕಾಯಿಲೆಯವರಿಗೂ ಹೀಗೇ ಮಾಡುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಮೈಕೆಲ್ ಟಾಟ್ ಅನ್ನುವವರು ಮತ್ತು ಅವರ ಜೊತೆಯವರು ಇದನ್ನು ಅಳೆದು ತೋರಿಸಿದರು. ತಾಳ ಒಂದೇ ಸಮ ನಡೆಯುತ್ತಿದ್ದರೆ ಮುಂದಿನ ಪೆಟ್ಟು ಯಾವಾಗ ಅಂತ ಮೆದುಳಿಗೆ ಮೊದಲೇ ಗೊತ್ತಾಗುತ್ತದೆ. ಕಾಲಿನ ಸ್ನಾಯು ಅದಕ್ಕೆ ತಯಾರಾಗಿ ನಿಲ್ಲುತ್ತದೆ. ಇದನ್ನು ನಮ್ಮೂರಿನವರಿಗೆ ವಿವರಿಸಬೇಕಾ? ಯಕ್ಷಗಾನದ ವೇಷದವನು ಚೆಂಡೆಯ ಪೆಟ್ಟು ಕೇಳಿದ ಮೇಲೆ ಕಾಲು ಇಡುತ್ತಾನಾ? ಪೆಟ್ಟೂ ಹೆಜ್ಜೆಯೂ ಒಟ್ಟಿಗೇ ಬೀಳಬೇಕಲ್ಲ. ಆ್ಯಪಿನ ಟಿಕ್ ಟಿಕ್ ಅಪ್ಪನಿಗೆ ಹಿಡಿಸಲಿಲ್ಲ. ಚಿಕ್ಕಪ್ಪ ಅಂಗಳದಲ್ಲಿ ಕೂತು ಮದ್ದಳೆಯಲ್ಲಿ ಏಕತಾಳ ಹಿಡಿದರು. ಅಡಿಕೆ ಒಣಗಲು ಹಾಕಿದ ಅಂಗಳದ ಬದಿಯಲ್ಲಿ ಅಪ್ಪ ಆ ತುದಿಯಿಂದ ಈ ತುದಿಗೆ ನಡೆದರು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಬಿಪಿಗೆ ಈ ರಾಗ, ಸಕ್ಕರೆ ಕಾಯಿಲೆಗೆ ಆ ರಾಗ ಅಂತ ಪಟ್ಟಿಗಳು ವಾಟ್ಸಾಪಿನಲ್ಲಿ ಬರುತ್ತವಲ್ಲ, ಅದನ್ನು ನಂಬಿ ಕೂರಬೇಡ. ಮುತ್ತುಸ್ವಾಮಿ ದೀಕ್ಷಿತರು ಶಿಷ್ಯನ ಹೊಟ್ಟೆನೋವಿಗೆ ಕೃತಿ ಕಟ್ಟಿದ ಕತೆ ನಾನೂ ಕೇಳಿ ಬೆಳೆದವನು, ಅದರ ಮೇಲೆ ಗೌರವ ಉಂಟು. ಆದರೆ ರಾಗವನ್ನು ಮಾತ್ರೆಯ ಹಾಗೆ ಬರೆದುಕೊಡುವುದಕ್ಕೆ ಗಟ್ಟಿ ಆಧಾರ ಇಲ್ಲ. ಒಬ್ಬರಿಗೆ ಸಮಾಧಾನ ಕೊಡುವ ರಾಗ ಇನ್ನೊಬ್ಬರಿಗೆ ಮನೆಯಲ್ಲಿ ಆದ ಸಾವನ್ನು ನೆನಪಿಸಬಹುದು. ಚೆನ್ನಾಗಿ ಹಾಡುವವರೆಲ್ಲ ಥೆರಪಿಸ್ಟ್ ಆಗುವುದಿಲ್ಲ ಅನ್ನುವುದೂ ಅದಕ್ಕೇ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಗಾಯಾಳು ಸೈನಿಕರ ಆಸ್ಪತ್ರೆಗಳಲ್ಲಿ ಹಾಡಿ ನುಡಿಸಿದವರಿಗೆ ಇದು ಚೆನ್ನಾಗಿ ಗೊತ್ತಾಯಿತು. 1944ರಲ್ಲಿ ಮಿಶಿಗನ್‌ನಲ್ಲಿ ಇದಕ್ಕೆಂದೇ ಕಾಲೇಜು ಕೋರ್ಸ್ ಶುರುವಾಯಿತು. ಈಗ ಅಲ್ಲಿ ಪದವಿಯ ಜೊತೆ ಕನಿಷ್ಠ 1200 ಗಂಟೆ ರೋಗಿಗಳ ಜೊತೆಗಿನ ತರಬೇತಿ ಆಗಬೇಕು.

ಅಪ್ಪನ ಸರದಿಗೆ ಕಾಯುವಾಗ ಒಂದು ಮಗುವನ್ನು ನೋಡುತ್ತಿದ್ದೆ. ಆರೇಳು ವರ್ಷ. ಯಾರ ಮುಖವನ್ನೂ ನೋಡದು, ಕುರ್ಚಿಗೆ ಬೆರಳು ಬಡಿಯುತ್ತಾ ಇರುವುದು. ಟೀಚರ್ ಅದನ್ನು ನಿಲ್ಲಿಸಲು ಹೋಗಲಿಲ್ಲ. ಡೋಲಕ್ಕಿನಲ್ಲಿ ಅದೇ ಬಡಿತವನ್ನು ಹಾಗೆಯೇ ನುಡಿಸಿದರು. ಮಗು ನಿಲ್ಲಿಸಿದರೆ ಇವರೂ ನಿಲ್ಲಿಸುವರು. ನಾಲ್ಕನೆಯ ದಿನವೋ ಏನೋ, ಮಗು ನಿಲ್ಲಿಸಿ ತಲೆ ಎತ್ತಿ ನೋಡಿತು, ಇವರು ಬಡಿಯುತ್ತಾರಾ ಅಂತ. ಪಾಲ್ ನಾರ್ಡಾಫ್ ಮತ್ತು ಕ್ಲೈವ್ ರಾಬಿನ್ಸ್ ಅನ್ನುವ ಇಬ್ಬರು ಇಂಗ್ಲೆಂಡಿನಲ್ಲಿ 1959ರಲ್ಲಿ ಶುರು ಮಾಡಿದ ದಾರಿಯಂತೆ ಅದು. ಮಗು ಏನು ಕೊಡುತ್ತದೋ ಅದರಿಂದಲೇ ಸಂಗೀತ ಕಟ್ಟುವುದು.

ನಿನ್ನಮ್ಮನದ್ದು ಮರೆವಿನ ಕಾಯಿಲೆ. ಹೋದ ನೆನಪು ಹಾಡಿನಿಂದ ವಾಪಸ್ ಬರುತ್ತದೆ ಅಂತ ನಾನು ಹೇಳಲಾರೆ, ಬರುವುದಿಲ್ಲ. ಮಂಕು, ಬೇಸರ ಸ್ವಲ್ಪ ಇಳಿಯಬಹುದು. ಒಂದರ್ಧ ಗಂಟೆ ಅವರು ನಿನ್ನ ಜೊತೆ ಇರಬಹುದು. ಹದಿನೈದರಿಂದ ಇಪ್ಪತ್ತೈದು ವರ್ಷದ ಒಳಗೆ ಕೇಳಿದ ಹಾಡು ಗಟ್ಟಿಯಾಗಿ ಉಳಿಯುತ್ತದಂತೆ. ನಿನ್ನಮ್ಮ ಪೆರ್ಲದ ಹತ್ತಿರ ಬೆಳೆದವರು. ಅಲ್ಲಿನ ಭಜನಾ ಮಂದಿರದಲ್ಲಿ ಶನಿವಾರ ಏನು ಹೇಳುತ್ತಿದ್ದರು? ಮದುವೆಯಲ್ಲಿ ಯಾವ ಶೋಭಾನೆ? ನಾಟಿ ಗದ್ದೆಯಿಂದ ಕೇಳಿಸುತ್ತಿದ್ದ ತುಳು ಹಾಡು, ಪಾಡ್ದನ, ಯಾವುದು? ದೊಡ್ಡಮ್ಮ ಇನ್ನೂ ಇದ್ದಾರಲ್ಲ, ಹೋಗಿ ಕೇಳು, ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೋ.

ಸಂಜೆ ಕತ್ತಲಾಗುವಾಗ ಅಮ್ಮ ಬಾಗಿಲಿಂದ ಬಾಗಿಲಿಗೆ ನಡೆಯುತ್ತಾರೆ, "ಮನೆಗೆ ಹೋಗಬೇಕು" ಅನ್ನುತ್ತಾರೆ ಅಂದೆಯಲ್ಲ. ಆಗ ಸೀದಾ ಜೋಗುಳ ಹಾಕಬೇಡ. ಮೊದಲು ಅವರ ನಡಿಗೆಯ ವೇಗಕ್ಕೇ ಸರಿಯಾಗಿ ಭಜನೆಯ ತಾಳ ತಟ್ಟು. ಜೊತೆಗೆ ನಡೆ. ಆಮೇಲೆ ನಿಧಾನವಾಗಿ ತಾಳದ ವೇಗ ಇಳಿಸುತ್ತಾ ಬಾ. ಇದೂ ಥೆರಪಿಸ್ಟ್‌ಗಳ ಹಳೆಯ ಸೂತ್ರ, ಮನುಷ್ಯ ಇದ್ದಲ್ಲಿಗೆ ಮೊದಲು ಹೋಗಿ ಅಲ್ಲಿಂದ ಕರೆದುಕೊಂಡು ಬರುವುದು. ಮೊಬೈಲಿಗಿಂತ ನಿನ್ನ ದನಿ ಒಳ್ಳೆಯದು, ನಿನಗೆ ಹಾಡಲು ಬಾರದಿದ್ದರೂ. ಮುಖ ನೋಡುತ್ತಿರು. ಹುಬ್ಬು ಗಂಟಾದರೆ, ಸೆರಗು ಹಿಂಡಿದರೆ ಆ ಹಾಡು ಅಲ್ಲಿಗೇ ನಿಲ್ಲಿಸು. ದಿನವಿಡೀ ಹಾಕಿಡಬೇಡ, ಅದು ಬರೀ ಗಲಾಟೆಯಾಗುತ್ತದೆ. ಯಾವ ಹಾಡಿಗೆ ಏನಾಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡು. ತರಬೇತಾದ ಥೆರಪಿಸ್ಟ್ ನೀನಿರುವ ಮೈಸೂರಿನಲ್ಲಿ ಸಿಕ್ಕಿದರೆ ಆ ನೋಟ್‌ಬುಕ್ ಅವರಿಗೆ ತುಂಬಾ ಉಪಯೋಗ. ಡಾಕ್ಟರ ಔಷಧ ನಿಲ್ಲಿಸಬೇಡ, ಮತ್ತೆ.

ಅಪ್ಪನ ಐದು ವಾಕ್ಯ ಮೂರು ತಿಂಗಳಲ್ಲಿ ಆಗಲಿಲ್ಲ, ಐದು ತಿಂಗಳು ಹಿಡಿಯಿತು. "ನೋವು ಉಂಟು", "ಕಾಫಿ ಬೇಕು" ಬಂದವು. ಆದರೆ ಅಪ್ಪ ತಾನಾಗಿ ಆರಿಸಿದ ವಾಕ್ಯ ಬೇರೆ. ಟೀಚರ್ ಯಾವುದು ಬೇಕು ಅಂತ ಕೇಳಿದಾಗ ಬಾಗಿಲ ಕಡೆಗೆ ಕೈ ತೋರಿಸಿದರು, ಆಮೇಲೆ ಲೋಟ ತೋರಿಸಿದರು. ನಮಗೆ ತಿಳಿಯಲಿಲ್ಲ. ಅಮ್ಮನಿಗೆ ಥಟ್ಟನೆ ತಿಳಿಯಿತು. ಯಾರೇ ಮೆಟ್ಟಿಲು ಹತ್ತಿದರೂ ಬೆಲ್ಲ ನೀರು ಕೊಡುವ ಮೊದಲು ಅಪ್ಪ ಚಾವಡಿಯಿಂದ ಕೇಳುತ್ತಿದ್ದ ಮಾತು. "ಬಾಯಾರಿಕೆಗೆ ಎಂತ?" ಏಳು ಅಕ್ಷರ. ಅದು ಕೂರಲು ಎರಡು ತಿಂಗಳು ಬೇಕಾಯಿತು.

ರಜೆಯಲ್ಲಿ ಬರುತ್ತೀಯಲ್ಲ, ಅಮ್ಮನನ್ನೂ ಕರೆದುಕೊಂಡು ಬಾ. ನೀನು ಚಾವಡಿಗೆ ಬಂದಾಗ ಅಪ್ಪ ಎಡಗೈಯಲ್ಲಿ ತೊಡೆ ತಟ್ಟಲು ಶುರು ಮಾಡುತ್ತಾರೆ. "ಬಾ-ಯಾ..." ಅಂತ ನಿಲ್ಲಬಹುದು. ನೀನು ಮುಗಿಸಿಕೊಡಬೇಡ. ಏಳೂ ಅಕ್ಷರ ಬರುವವರೆಗೆ ನಿಂತುಕೋ, ಆಮೇಲೆ ನಿನಗೆ ಏನು ಬೇಕೋ ಹೇಳು.

ನಿನ್ನ ಗೆಳೆಯ