ಪೋಡಿ ಮಾಡಿಸಿದರೆ ತೋಟ ದೊಡ್ಡದಾಗುವುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಅಡಿಕೆ ಮಾರಿದ ದುಡ್ಡಲ್ಲಿ ಸ್ವಲ್ಪ ಸ್ವಲ್ಪ ಉಳಿಸಿ ಹದಿನೈದು ವರ್ಷದಿಂದ ಷೇರಿಗೆ ಹಾಕುತ್ತಾ ಬಂದಿದ್ದೇನೆ. ನಿಮ್ಮ ವಾಣಿಜ್ಯ ಪುಟವನ್ನು ಒಂದು ದಿನವೂ ಬಿಡದೆ ಓದುತ್ತೇನೆ, ಅದಕ್ಕೇ ಈ ಪತ್ರ.

ಷೇರು ವಿಭಜನೆ, ಅಂದರೆ ಎಲ್ಲರೂ ಸ್ಪ್ಲಿಟ್ ಅನ್ನುತ್ತಾರಲ್ಲ, ಅದರ ಸುದ್ದಿ ಬಂದಾಗಲೆಲ್ಲ ತಲೆಬರಹ ಒಂದೇ ಥರ ಇರುತ್ತದೆ. ಒಂದು ಷೇರಿಗೆ ಐದು ಷೇರು, ಇನ್ನು ಮುಂದೆ ಅಗ್ಗ ಅಂತ. ಓದಿದವರಿಗೆ ಏನೋ ಪುಕ್ಕಟೆ ಸಿಗುತ್ತಿದೆ ಅನಿಸುತ್ತದೆ. ಅದೇ ಸುದ್ದಿ ನಮ್ಮೂರಿನ ವಾಟ್ಸಾಪ್ ಗುಂಪಿಗೆ ಬರುವ ಹೊತ್ತಿಗೆ "ಶುಕ್ರವಾರದೊಳಗೆ ತಗೊಳ್ಳಿ, ದುಡ್ಡು ಐದು ಪಟ್ಟು" ಅಂತ ಆಗಿರುತ್ತದೆ.

ನಮ್ಮ ಕಡೆಯವರಿಗೆ ಇದು ಅರ್ಥವಾಗದ ವಿಷಯವೇ ಅಲ್ಲ. ಒಂದು ಸರ್ವೆ ನಂಬರಿನ ಎರಡು ಎಕರೆ ತೋಟವನ್ನು ಪೋಡಿ ಮಾಡಿಸಿ ನಾಲ್ಕು ಹಿಸ್ಸಾ ಮಾಡುತ್ತೇವೆ. ಒಂದಿದ್ದ ಪಹಣಿ ನಾಲ್ಕಾಗುತ್ತದೆ. ಮರ ಒಂದೂ ಜಾಸ್ತಿಯಾಗುವುದಿಲ್ಲ. ಕೊಳೆ ರೋಗ ಬಂದರೆ ನಾಲ್ಕು ಹಿಸ್ಸೆಗೂ ಬರುತ್ತದೆ. ಸ್ಪ್ಲಿಟ್ ಆದಾಗ ಕಂಪನಿಯಲ್ಲಿ ಆಗುವುದೂ ಇಷ್ಟೇ. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ ತನ್ನ ಷೇರಿನ ಮುಖಬೆಲೆಯನ್ನು (ಕಾಗದದಲ್ಲಿ ನಮೂದಾದ ಬೆಲೆ, ಪೇಟೆಯ ಬೆಲೆ ಬೇರೆ) 10 ರೂಪಾಯಿಯಿಂದ 2 ರೂಪಾಯಿಗೆ ಇಳಿಸಿತು. 100 ಷೇರು ಇದ್ದವರಿಗೆ 500 ಆಯಿತು, ಪೇಟೆಯ ಬೆಲೆಯೂ ಐದರಲ್ಲಿ ಒಂದು ಪಾಲಿಗೆ ಬಂತು. ಬ್ಯಾಂಕ್ ಕೊಟ್ಟ ಸಾಲ, ಬರುವ ಬಡ್ಡಿ, ಅದರಲ್ಲಿ ನಮ್ಮ ಪಾಲು, ಯಾವುದೂ ಅಲುಗಲಿಲ್ಲ.

ಸಾಗರದಲ್ಲಿರುವ ನನ್ನ ಭಾವ ಈ ಲೆಕ್ಕ ತಿಳಿಯದೆ ಪೆಟ್ಟು ತಿಂದರು. ಒಂದು ಕಂಪನಿಯ ಷೇರು 2,000 ರೂಪಾಯಿ ಇದ್ದದ್ದು ಸ್ಪ್ಲಿಟ್ ಆಗಿ 400ಕ್ಕೆ ಬಂತು. "ಎರಡು ಸಾವಿರ ನೋಡಿದ ಷೇರು, ಮತ್ತೆ ಅಲ್ಲಿಗೆ ಹೋಗದೆ ಎಲ್ಲಿಗೆ ಹೋಗುತ್ತೆ" ಅಂತ ರಾಶಿ ಇಡಿ ಅಡಿಕೆ ಮಾರಿದ ದುಡ್ಡನ್ನು ಪೂರ್ತಿ ಅದಕ್ಕೇ ಹಾಕಿದರು, ಮಗಳ ಓದಿಗೆ ಅಂತ ತೆಗೆದಿಟ್ಟ ದುಡ್ಡು ಅದು. ಹಳೇ ಲೆಕ್ಕದ 2,000 ಹೊಸ ಲೆಕ್ಕದ 400, ಎರಡೂ ಒಂದೇ, 400 ಹೋಗಿ 2,000 ಆಗಬೇಕಾದರೆ ಇಡೀ ಕಂಪನಿಯೇ ಐದು ಪಟ್ಟು ಬೆಳೆಯಬೇಕು ಅಂತ ಅವರಿಗೆ ಹೇಳುವವರು ಯಾರೂ ಇರಲಿಲ್ಲ. ನನ್ನನ್ನು ಕೇಳಿದ್ದು ಆಮೇಲೆ. ಕಂಪನಿಯ ಲಾಭ ಕುಸಿಯುತ್ತಾ ಹೋಯಿತು, ಬಿದ್ದ ಷೇರು ಇನ್ನೂ 250 ದಾಟಿಲ್ಲ.

ಇನ್ನು ಕೆಲವರಿಗೆ ಭಯ. ಸ್ಪ್ಲಿಟ್ ಆದ ದಿನ ಬೆಳಿಗ್ಗೆಯೇ ಫೋನ್ ಬರುತ್ತದೆ, "ಅಣ್ಣ, ಆ್ಯಪಲ್ಲಿ ಎಂಬತ್ತು ಪರ್ಸೆಂಟ್ ಲಾಸ್ ತೋರಿಸ್ತಿದೆ" ಅಂತ. ಹೊಸ ಷೇರು ನಮ್ಮ ಷೇರು ಇರುವ ಡಿಮ್ಯಾಟ್ ಖಾತೆಗೆ ಬಂದು ಸೇರುವ ತನಕ ಹಾಗೇ ಕಾಣುತ್ತದೆ, ಅಷ್ಟೇ.

ಹಾಗಂತ ಸ್ಪ್ಲಿಟ್‌ನಿಂದ ಉಪಯೋಗವೇ ಇಲ್ಲ ಅಂತಲ್ಲ. ಎಂಆರ್‌ಎಫ್ ಷೇರು 2023ರ ಜೂನ್‌ನಲ್ಲಿ ಒಂದು ಲಕ್ಷ ರೂಪಾಯಿ ದಾಟಿತು. ನಮ್ಮಲ್ಲಿ ಅರ್ಧ ಷೇರು, ಕಾಲು ಷೇರು ಕೊಳ್ಳಲು ಆಗುವುದಿಲ್ಲ, ಹಾಗಾಗಿ ತಿಂಗಳಿಗೆ ಎರಡು ಸಾವಿರ ಉಳಿಸುವವರು ಅದರ ಹತ್ತಿರವೂ ಹೋಗುವಂತಿಲ್ಲ. ಬೆಲೆ ಚಿಕ್ಕದಾದರೆ ಸಣ್ಣವರೂ ಕೊಳ್ಳಬಹುದು, ಕೊಳ್ಳುವವರು ಮಾರುವವರು ಜಾಸ್ತಿಯಾಗುತ್ತಾರೆ, ಮದುವೆಗೋ ಆಸ್ಪತ್ರೆಗೋ ಬೇಕಾದಾಗ ಬೇಕಾದಷ್ಟೇ ಮಾರಬಹುದು. ಅದು ಅನುಕೂಲ. ಲಾಭ ಬೇರೆ.

ಇನ್ಫೋಸಿಸ್ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1993ರಲ್ಲಿ 95 ರೂಪಾಯಿಗೆ 100 ಷೇರು ತಗೊಂಡು ಸುಮ್ನೆ ಇಟ್ಟುಕೊಂಡವರ ಹತ್ತಿರ ಈಗ 1,02,400 ಷೇರು ಇರುತ್ತದೆ. ಅದರಲ್ಲಿ ಸ್ಪ್ಲಿಟ್ ಒಂದೇ ಸಲ, 2000ದಲ್ಲಿ, ಮುಖಬೆಲೆ 10ರಿಂದ 5ಕ್ಕೆ. ಉಳಿದದ್ದೆಲ್ಲ ಬೋನಸ್, ಅಂದರೆ ಇದ್ದ ಷೇರಿನ ಲೆಕ್ಕದಲ್ಲಿ ಕಂಪನಿ ದುಡ್ಡು ತಗೊಳ್ಳದೆ ಕೊಟ್ಟ ಹೊಸ ಷೇರು. ಷೇರಿಗೆ 1,500 ಅಂತ ಲೆಕ್ಕ ಹಿಡಿದರೆ 15 ಕೋಟಿ ದಾಟುತ್ತದೆ, 9,500 ರೂಪಾಯಿ ಹಾಕಿದ್ದಕ್ಕೆ. ಆದರೆ ಒಂದೂ ಬೋನಸ್, ಒಂದೂ ಸ್ಪ್ಲಿಟ್ ಆಗದೆ ಇದ್ದಿದ್ದರೆ? ಆಗಲೂ ಅದೇ 100 ಷೇರು, ಒಂದೊಂದಕ್ಕೆ 15 ಲಕ್ಷದ ಮೇಲೆ. ಮೊತ್ತ ಅದೇ. ಬೆಳೆದದ್ದು ಕಂಪನಿಯ ವ್ಯವಹಾರ, ಷೇರಿನ ಸಂಖ್ಯೆ ಅದರ ಹಿಂದೆ ಬಂದದ್ದು.

ತೆರಿಗೆಯಲ್ಲಿ ಮಾತ್ರ ಸ್ಪ್ಲಿಟ್, ಬೋನಸ್ ಎರಡಕ್ಕೂ ವ್ಯತ್ಯಾಸ ಇದೆ, ಇದನ್ನು ಯಾರೂ ಬರೆಯುವುದಿಲ್ಲ. ಸ್ಪ್ಲಿಟ್ ಆದರೆ ನಾವು ಕೊಟ್ಟ ಬೆಲೆ ಹೊಸ ಷೇರುಗಳಿಗೆ ಹಂಚಿಹೋಗುತ್ತದೆ, ಕೊಂಡ ತಾರೀಖು ಹಳೆಯದೇ. ಬೋನಸ್ ಷೇರಿಗೆ ಕೊಂಡ ಬೆಲೆ ಸೊನ್ನೆ, ದಿನ ಎಣಿಸುವುದು ಅದು ಸಿಕ್ಕ ದಿನದಿಂದ. ವರ್ಷ ತುಂಬುವ ಮೊದಲೇ ಬೋನಸ್ ಷೇರು ಮಾರಿದರೆ ಅಲ್ಪಾವಧಿ ಲಾಭದ ತೆರಿಗೆ ಬೀಳುತ್ತದೆ.

ಡಿವಿಡೆಂಡ್, ಅಂದರೆ ಕಂಪನಿ ಲಾಭದಲ್ಲಿ ಷೇರುದಾರರಿಗೆ ಹಂಚುವ ದುಡ್ಡು, ಅದರ ಸುದ್ದಿಯೂ ಹೀಗೇ. "ಶೇ 250 ಡಿವಿಡೆಂಡ್" ಅಂತ ದಪ್ಪಕ್ಷರದಲ್ಲಿ ಹಾಕುತ್ತೀರಿ. ಆ ಶೇಕಡಾ ಮುಖಬೆಲೆಯ ಮೇಲೆ, ಅಲ್ವಾ? ಮುಖಬೆಲೆ 2 ರೂಪಾಯಿ ಆದರೆ ಕೈಗೆ ಬರುವುದು ಷೇರಿಗೆ 5 ರೂಪಾಯಿ. ಪೇಟೆಯಲ್ಲಿ ಆ ಷೇರಿನ ಬೆಲೆ ಸಾವಿರ ಇದ್ದರೆ ನೂರಕ್ಕೆ ಅರ್ಧ ರೂಪಾಯಿ ಆಯಿತು.

ನನ್ನ ಕೋರಿಕೆ ದೊಡ್ಡದಲ್ಲ. ಸ್ಪ್ಲಿಟ್ ಸುದ್ದಿ ಹಾಕುವಾಗ ಹಳೇ ಮುಖಬೆಲೆ, ಹೊಸ ಮುಖಬೆಲೆ ಎರಡನ್ನೂ ಹಾಕಿ, ಕೆಳಗೆ "ಹೂಡಿಕೆಯ ಒಟ್ಟು ಮೌಲ್ಯ ಬದಲಾಗುವುದಿಲ್ಲ" ಅಂತ ಒಂದು ಸಾಲು ಸೇರಿಸಿ. "ಅಗ್ಗ" ಅನ್ನುವ ಪದವನ್ನು ತಲೆಬರಹದಿಂದ ತೆಗೆಯಿರಿ. ಡಿವಿಡೆಂಡನ್ನು ರೂಪಾಯಿಯಲ್ಲೇ ಬರೆಯಿರಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಷೇರಿನ ವಿಷಯಕ್ಕೆ ನಿಮ್ಮ ಪುಟ ಒಂದೇ ಆಧಾರ, ಮತ್ತೆ ಮುಂದಿನ ಕೊಯ್ಲಿನ ದುಡ್ಡು ಕೈಗೆ ಬರಲು ಹೆಚ್ಚು ದಿನ ಇಲ್ಲ.

ಇತಿ,
ನಿಮ್ಮ ಓದುಗ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ