ಗೆಳೆಯನಿಗೊಂದು ಪತ್ರ: ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಮನೆಗೆ

ಜನವರಿ 2021

ಪ್ರೀತಿಯ ಗೆಳೆಯ,

ಈ ಕೊರೊನಾ ಕಾಲದಲ್ಲಿ ಮಕ್ಕಳು ಮನೆಯೊಳಗೇ ಕೂತು ರೇಗುತ್ತಿದ್ದಾರೆ, ಅಪ್ಪ ಅಮ್ಮನಿಗೂ ಸಾಕಾಗಿದೆ, ಹತ್ತಿರದಲ್ಲಿ ಎಲ್ಲಾದರೂ ಹೋಗಿಬರಬಹುದಾ ಎಂದು ಕೇಳಿದ್ದೀಯ. ನಿನ್ನ ಕಡೆ ಓಡಾಟಕ್ಕೆ ನಿರ್ಬಂಧ ಇಲ್ಲದಿದ್ದರೆ ಧಾರಾಳವಾಗಿ ಹೋಗಬಹುದು. ಈ ವರ್ಷ ದೂರವನ್ನು ಲೆಕ್ಕ ಹಾಕುವುದು ಒಂದೇ ಕಾರಣಕ್ಕೆ: ದೂರ ಹೋದಷ್ಟೂ ದಾರಿಯಲ್ಲಿ ನಿಲ್ಲಬೇಕಾಗುತ್ತದೆ. ನಿಂತ ಕಡೆಯೆಲ್ಲ ಒಂದು ಶೌಚಾಲಯ, ಒಂದು ಊಟದ ಹಾಲ್, ಒಂದು ಸಾಲು. ಸೋಂಕು ತಗಲುವುದು ಹೆಚ್ಚಾಗಿ ಇಂಥ ಮುಚ್ಚಿದ ಜಾಗಗಳಲ್ಲೇ.

ಹಾಗಾಗಿ ಕಿಲೋಮೀಟರ್ ಬಿಟ್ಟು ಗಂಟೆಯ ಲೆಕ್ಕ ಹಿಡಿ. ಒಂದೂವರೆಯಿಂದ ಎರಡು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ವಯಸ್ಸಾದವರೂ ಚಿಕ್ಕ ಮಕ್ಕಳೂ ಮಧ್ಯೆ ಇಳಿಯದೆ ತಡೆದುಕೊಳ್ಳಬಲ್ಲದ್ದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಹೋಗಲು ಎರಡು, ಅಲ್ಲಿ ಮೂರು, ಬರಲು ಎರಡು, ಒಟ್ಟು ಏಳು ಗಂಟೆ. ಇಂಧನವನ್ನು ಹಿಂದಿನ ದಿನವೇ ತುಂಬಿಸಿಟ್ಟುಕೊ.

ಜಾಗ ಹುಡುಕುವಾಗ ಎಲ್ಲರೂ ಮಾಡುವುದು ಹೆಸರಾಂತ ತಾಣಗಳ ಪಟ್ಟಿ ನೋಡುವುದು. ಆ ಪಟ್ಟಿಯನ್ನು ನಿನ್ನ ಹಾಗೆ ಸಾವಿರ ಜನ ನೋಡಿರುತ್ತಾರೆ. ಅದರ ಬದಲು ಮೊಬೈಲಿನ ನಕ್ಷೆಯಲ್ಲಿ ಉಪಗ್ರಹ ಚಿತ್ರ ತೆರೆದು ನಿನ್ನ ಎರಡು ಗಂಟೆಯ ಸುತ್ತಳತೆಯೊಳಗಿನ ಕೆರೆ ಏರಿ, ನದಿ ದಂಡೆ, ಕಾಡಿನಂಚು, ಬೋಳುಗುಡ್ಡಗಳನ್ನು ಒಂದೊಂದಾಗಿ ನೋಡು. ಮೊದಲು ನಡೆದಾಡುವ ದಾರಿಯ ಅಗಲ. ಚಿತ್ರದಲ್ಲಿ ನಿಂತಿರುವ ಯಾವುದಾದರೂ ಕಾರನ್ನೇ ಅಳತೆಗೋಲು ಮಾಡಿಕೊ. ಅದರ ಅಗಲ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ದಾರಿ ಒಂದೂವರೆ ಕಾರಿನಷ್ಟಾದರೂ ಇರಬೇಕು, ಇಲ್ಲವೆ ಪಕ್ಕಕ್ಕೆ ಸರಿದು ನಿಲ್ಲಲು ಜಾಗವಿರಬೇಕು. ಒಂದು ಕಡೆ ಬೇಲಿ, ಇನ್ನೊಂದು ಕಡೆ ನೀರು ಅಂದರೆ ಬಿಟ್ಟುಬಿಡು. ಆಮೇಲೆ ದಾರಿಯ ಆಕಾರ. ಸುತ್ತಿ ಬರುವ ದಾರಿಯಲ್ಲಿ ಜನ ಹರಡಿಕೊಳ್ಳುತ್ತಾರೆ. ನೇರ ಹೋಗಿ ಒಂದು ವ್ಯೂ ಪಾಯಿಂಟಿನಲ್ಲಿ ಮುಗಿಯುವ ದಾರಿಯಾದರೆ ತುದಿಯಲ್ಲಿ ಎಲ್ಲರೂ ಒಟ್ಟಾಗಿ ಸೆಲ್ಫಿಗೆ ನಿಂತಿರುತ್ತಾರೆ. ಎದುರಿಗೆ ಬಂದವರು ಹಾದುಹೋಗುವ ಎರಡು ಸೆಕೆಂಡಿಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ; ಜನ ನಿಂತು ಮಾತಾಡುವ ಜಾಗಗಳದ್ದೇ ತೊಂದರೆ.

ಜನರು ಹಾಕಿದ ಫೋಟೋಗಳ ತಾರೀಖು ನೋಡುವುದನ್ನು ಮರೆಯಬೇಡ. 2019ರ ಫೋಟೋದಲ್ಲಿ ಖಾಲಿ ಇದ್ದ ಜಾಗ ಈಗಲೂ ಖಾಲಿ ಇರುತ್ತದೆ ಎಂದಿಲ್ಲ. ಎಲ್ಲರೂ ಹತ್ತಿರದ್ದನ್ನೇ ಹುಡುಕುತ್ತಿರುವುದರಿಂದ ಕೆಲವು ಮೂಲೆಗಳಲ್ಲಿ ಹಿಂದೆಂದೂ ಇಲ್ಲದ ಜಾತ್ರೆ. ಜಾಗವನ್ನು ನೋಡಿಕೊಳ್ಳುವ ಕಚೇರಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳು: ತೆರೆದಿದೆಯೇ, ಶೌಚಾಲಯ ತೆರೆದಿದೆಯೇ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆಯೇ. ಎರಡನೆಯದನ್ನು ಕೇಳದೆ ಹೊರಟವರೇ ಕೊನೆಗೆ ಸಿಕ್ಕಿದ ಹೋಟೆಲಿಗೆ ನುಗ್ಗುವುದು.

ವಾರದ ನಡುವೆ, ಬೆಳಕು ಹರಿಯುವ ಹೊತ್ತಿಗೆ ತಲುಪು. ಹತ್ತೂವರೆಯೊಳಗೆ ಹೊರಟುಬಿಡು. ಅಲ್ಲಿಂದ ಇಪ್ಪತ್ತು ನಿಮಿಷದೊಳಗಿನ ಇನ್ನೊಂದು ಜಾಗವನ್ನೂ ಗುರುತು ಮಾಡಿಟ್ಟುಕೊ. ತಲುಪಿದಾಗ ವಾಹನ ನಿಲ್ಲಿಸುವ ಜಾಗ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಇಳಿಯದೆ ಎರಡನೆಯದಕ್ಕೆ ಹೋಗು. ಈ ತೀರ್ಮಾನ ಮನೆಯಲ್ಲೇ ಆಗಿರಬೇಕು. ಅಲ್ಲಿಗೆ ಹೋದಮೇಲೆ 'ಇಷ್ಟು ದೂರ ಬಂದಿದ್ದೀವಿ, ಹತ್ತು ನಿಮಿಷ ನೋಡಿಕೊಂಡು ಹೋಗೋಣ' ಎನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ.

ವಾಹನದಲ್ಲಿ ಒಂದೇ ಮನೆಯವರು ಇರಲಿ. ಎರಡು ಮನೆ ಸೇರಿದರೆ ಎರಡು ವಾಹನ. ಹೊರಗಿನವರೊಬ್ಬರನ್ನು ಕೂರಿಸಿಕೊಳ್ಳಲೇಬೇಕಾಗಿ ಬಂದರೆ ಅವರನ್ನು ಹಿಂದಿನ ಸೀಟಿನಲ್ಲಿ, ಚಾಲಕನ ಎದುರು ಬದಿಗೆ ಕೂರಿಸಿ ಇಬ್ಬರೂ ಮಾಸ್ಕ್ ಹಾಕಿಕೊಳ್ಳಿ, ನಾಲ್ಕೂ ಕಿಟಕಿ ತೆರೆಯಿರಿ. ಚಳಿಗೋ ಮಳೆಗೋ ಎರಡೇ ಕಿಟಕಿ ತೆರೆಯುವುದಾದರೆ ಯಾವೆರಡು? ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದ ಕಾರಿನೊಳಗೆ ಗಾಳಿ ಹೇಗೆ ಓಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ್ದಾರೆ. ಅವರವರ ಪಕ್ಕದ ಕಿಟಕಿ ತೆರೆಯುವುದಕ್ಕಿಂತ ಯಾರೂ ಕೂರದ ಎರಡು ಸೀಟುಗಳ ಪಕ್ಕದ ಕಿಟಕಿ ತೆರೆಯುವುದು ಮೇಲು. ಹಾಗೆ ಮಾಡಿದರೆ ಗಾಳಿ ಚಾಲಕನ ಹಿಂದಿನ ಕಿಟಕಿಯಿಂದ ಒಳಬಂದು, ಇಬ್ಬರ ನಡುವೆ ಪರದೆಯಂತೆ ಹಾದು, ಮುಂದಿನ ಕಿಟಕಿಯಿಂದ ಹೊರಗೆ ಹೋಗುತ್ತದೆ. ಇನ್ನು ಎಸಿಯ ಹತ್ತಿರ ಕಾರಿನ ಚಿತ್ರದೊಳಗೇ ಬಾಣ ಸುತ್ತುತ್ತಿರುವ ಒಂದು ಗುಂಡಿ ಇರುತ್ತದಲ್ಲ, ಅದರ ದೀಪ ಆರಿರಬೇಕು. ಅದು ಉರಿಯುತ್ತಿದ್ದರೆ ಒಳಗಿನ ಗಾಳಿಯನ್ನೇ ತಿರುಗಾ ಮುರುಗಾ ಉಸಿರಾಡುತ್ತಿದ್ದೀರಿ ಎಂದರ್ಥ.

ಬಯಲಿಗೆ ಹೋದಮೇಲೆ ಎಲ್ಲರೂ ಮೈಮರೆಯುವುದು ಊಟದ ಹೊತ್ತಿಗೆ. ದಿನವಿಡೀ ಮಾಸ್ಕ್ ಹಾಕಿಕೊಂಡವರು ಒಂದೇ ಚಾಪೆಯ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತು, ಮಾಸ್ಕ್ ತೆಗೆದು, ನಗುತ್ತಾ ಅರ್ಧ ಗಂಟೆ ಮಾತಾಡುತ್ತಾರೆ. ಜೋರು ಮಾತಿನಲ್ಲಿ, ಹಾಡಿನಲ್ಲಿ ಬಾಯಿಂದ ಹನಿಗಳು ಎಷ್ಟು ಹೊರಬೀಳುತ್ತವೆ ಎನ್ನುವುದಕ್ಕೆ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯ ಗಾಯನ ತಂಡವನ್ನು ನೋಡು. 2020ರ ಮಾರ್ಚ್‌ನಲ್ಲಿ ಒಳಾಂಗಣದಲ್ಲಿ ಎರಡೂವರೆ ಗಂಟೆ ಅಭ್ಯಾಸ ಮಾಡಿದವರು 61 ಜನ. ರೋಗಲಕ್ಷಣ ಇದ್ದದ್ದು ಒಬ್ಬರಿಗೆ. ಆಮೇಲೆ 32 ಮಂದಿಗೆ ಪರೀಕ್ಷೆಯಲ್ಲಿ ಸೋಂಕು ಖಚಿತವಾಯಿತು, ಇನ್ನೂ 20 ಮಂದಿಗೆ ತಗಲಿರಬಹುದೆಂದು ಲೆಕ್ಕ ಹಾಕಿದರು. ಬಯಲಿನಲ್ಲಿ ಗಾಳಿ ಬಹುಪಾಲನ್ನು ಚದುರಿಸಿಬಿಡುತ್ತದೆ, ನಿಜ. ಆದರೆ ಅಷ್ಟು ಹತ್ತಿರ ಮುಖಕ್ಕೆ ಮುಖ ಕೊಟ್ಟು ಕೂತವರ ನಡುವೆ ಚದುರಲು ಜಾಗವೆಲ್ಲಿ? ಎರಡು ಮನೆಯವರಿಗೆ ಎರಡು ಚಾಪೆ, ನಡುವೆ ಮೂರು ಮೀಟರ್. ಗಾಳಿ ಒಬ್ಬರಿಂದ ಇನ್ನೊಬ್ಬರ ಕಡೆಗೆ ಬೀಸದಂತೆ ಅಡ್ಡಕ್ಕೆ ಹಾಸಿ. ಡಬ್ಬಿಗಳೂ ಬೇರೆ ಬೇರೆ. ಚೂರುಪಾರು ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ: ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2020ರ ಅಕ್ಟೋಬರಿನಲ್ಲಿ, 24 ಗಂಟೆಯಲ್ಲಿ ಸೋಂಕಿತರಿಂದ ಆರು ಅಡಿಯೊಳಗೆ ಕಳೆದ ಹೊತ್ತೆಲ್ಲ ಕೂಡಿ 15 ನಿಮಿಷವಾದರೆ ಅದನ್ನು ನಿಕಟ ಸಂಪರ್ಕ ಎಂದಿತು.

ಮಾಸ್ಕ್ ಮೂರು ಪದರದ್ದಿರಲಿ. ತಲೆಗೆ ಮೂರು, ಅಂದರೆ ನಾಲ್ವರಿಗೆ ಹನ್ನೆರಡು. ಬೆವರಿಗೆ ಒದ್ದೆಯಾದ ಮಾಸ್ಕಿನಲ್ಲಿ ಉಸಿರು ಕಷ್ಟ. ಆಗ ಜನ ಅದನ್ನು ಮೂಗಿನ ಕೆಳಗೆ ಇಳಿಸುತ್ತಾರೆ. ಕನ್ನಡಕ ಮಂಜಾದರೆ ಮೇಲಂಚಿನಲ್ಲಿ ಗಾಳಿ ಸೋರುತ್ತಿದೆ, ತಂತಿಯನ್ನು ಮೂಗಿಗೆ ಒತ್ತಿ ಕೂರಿಸು. ಕವಾಟ ಇರುವ ಮಾಸ್ಕ್ ಬೇಡ, ಅದು ಹಾಕಿಕೊಂಡವರ ಉಸಿರನ್ನು ಸೋಸದೆ ಹೊರಬಿಡುತ್ತದೆ.

ಸ್ಯಾನಿಟೈಸರಿನಲ್ಲಿ ಆಲ್ಕೋಹಾಲ್ ಕನಿಷ್ಠ ಶೇ. 60 ಇರಬೇಕು. ಮಣ್ಣು, ಜಿಡ್ಡು ಮೆತ್ತಿದ ಕೈಗೆ ಅದರಿಂದ ಪ್ರಯೋಜನ ಕಡಿಮೆ, ಸೋಪು ನೀರೇ ಬೇಕು. ನಲ್ಲಿ ಇರುವ ಐದು ಲೀಟರಿನ ಕ್ಯಾನ್ ಒಯ್ಯಿ. ನಲ್ಲಿಯನ್ನು ಸಣ್ಣಗೆ ಬಿಟ್ಟರೆ ಒಂದು ಸಲಕ್ಕೆ ಕಾಲು ಲೀಟರ್ ಸಾಕು. ನಾಲ್ವರು ಮೂರು ಸಲ ತೊಳೆದರೂ ಮೂರು ಲೀಟರ್. ಕುಡಿಯುವ ನೀರು ಬೇರೆ. ಕೈ ತೊಳೆದರೆ ಸಾಕು, ಬೆಂಚು ಕಂಬಿಗಳನ್ನೆಲ್ಲ ಒರೆಸುತ್ತಾ ಹೊತ್ತು ಕಳೆಯಬೇಡ.

ಸಾರ್ವಜನಿಕ ಶೌಚಾಲಯ ತಪ್ಪದಿದ್ದರೆ, ಒಳಗಿದ್ದವರು ಹೊರಬಂದು ಸ್ವಲ್ಪ ಹೊತ್ತಾದ ಮೇಲೆ, ಕಿಟಕಿ ಇರುವುದನ್ನೇ ಆರಿಸಿಕೊಂಡು ಒಬ್ಬೊಬ್ಬರೇ ಹೋಗಿಬನ್ನಿ. ಗುಹೆ, ಗೋಪುರದ ಇಕ್ಕಟ್ಟು ಮೆಟ್ಟಿಲು, ಮುಚ್ಚಿದ ದೋಣಿ, ರೋಪ್‌ವೇ ಡಬ್ಬಿ ಈ ವರ್ಷಕ್ಕೆ ಬೇಡ.

ರಾತ್ರಿ ಉಳಿಯುವ ಆಸೆ ಇದ್ದರೆ, ಬಾಗಿಲು ನೇರ ಹೊರಗೆ ತೆರೆಯುವ, ಅಡುಗೆಮನೆ ಇರುವ ಪ್ರತ್ಯೇಕ ಮನೆಯನ್ನೇ ಹುಡುಕು. ಕಿಟಕಿಗಳು ನಿಜವಾಗಿ ತೆರೆಯುತ್ತವೆಯೇ ಎಂದು ಕೇಳು; ಎಷ್ಟೋ ಕಡೆ ಗಾಜು ಮೊಳೆ ಹೊಡೆದು ಕೂತಿರುತ್ತದೆ. ಹಿಂದಿನವರು ಖಾಲಿ ಮಾಡಿ ಒಂದು ದಿನವಾಗಿದ್ದರೆ ಒಳ್ಳೆಯದು. ತಲುಪಿದ ಕೂಡಲೇ ಕಿಟಕಿ ಬಾಗಿಲು ತೆರೆದಿಟ್ಟು, ಅರ್ಧ ಗಂಟೆ ಅಂಗಳದಲ್ಲೇ ಇರಿ.

ಹೊರಡುವ ಮುಂಚೆ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂದರೆ ನಿಶ್ಚಿಂತೆ ಎಂದು ತುಂಬ ಜನ ನಂಬಿದ್ದಾರೆ. ಸೋಂಕು ತಗಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದಾರು ದಿನ, ಕೆಲವರಿಗೆ 14 ದಿನದವರೆಗೂ ಬೇಕು. ಲಕ್ಷಣಕ್ಕೆ ಎರಡು ದಿನ ಮುಂಚಿನಿಂದಲೇ ಅವರಿಂದ ಹರಡಬಹುದು. ಮೊನ್ನೆ ತಗಲಿದ ಸೋಂಕು ಇವತ್ತಿನ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು. ಮನೆಯಲ್ಲಿ ಒಬ್ಬರಿಗೆ ಗಂಟಲು ಕೆರೆದರೂ ಪ್ರವಾಸ ರದ್ದು, ಮುಂಗಡ ಕೊಟ್ಟಿದ್ದರೂ ಸರಿ. ಕಾದಿರಿಸುವಾಗಲೇ ರದ್ದತಿಯ ಷರತ್ತು ಓದಿಕೊ.

ಇದು ಆಸ್ಪತ್ರೆಗೆ ಓಡುವ ಕಾಲವಲ್ಲ, ಜಾರುವ ಬಂಡೆ, ಗೊತ್ತಿಲ್ಲದ ನೀರು ಎರಡರಿಂದಲೂ ಮಕ್ಕಳನ್ನು ದೂರ ಇಡು. ಬ್ಯಾಂಡೇಜು, ಓಆರ್‌ಎಸ್, ಅಪ್ಪ ಅಮ್ಮನ ಮಾತ್ರೆ ಒಂದು ದಿನಕ್ಕೆ ಹೆಚ್ಚಾಗಿಯೇ ಚೀಲದಲ್ಲಿರಲಿ. ಸಿಗ್ನಲ್ ಸಿಗದ ಕಡೆಗಳಿಗೆ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊ.

ಉಪಗ್ರಹ ಚಿತ್ರದಲ್ಲಿ ಎರಡು ಮೂರು ಜಾಗ ಕಣ್ಣಿಗೆ ಬಿದ್ದರೆ ಅವುಗಳ ಗುರುತು ಕಳಿಸು. ದಾರಿಯ ಅಗಲ, ಗಾಡಿ ನಿಲ್ಲಿಸುವ ಜಾಗ ನಾನೂ ಒಮ್ಮೆ ನೋಡುತ್ತೇನೆ.

ನಿನ್ನ ಗೆಳೆಯ