ಲೋ ಕರಡಿ, ಐದನೇ ಚಾಪ್ಟರ್ ಬರೋದರೊಳಗೆ ಒಂದು ಮಾತು

ಲೋ ಕರಡಿ,

ಪತ್ರ ಬರೆದು ಊರ ಮುಂದೆ ಹಾಕೋದು ಯಾವ ಸೀಮೆ ಚಾಳಿ ಅಂತ ನೀನು ಬೈಯುತ್ತೀಯ, ಗೊತ್ತು. ವಾಟ್ಸಾಪ್‌ನಲ್ಲಿ ಕಳಿಸಿದರೆ ಒಂದು ಹೆಬ್ಬೆರಳು ಒತ್ತಿ ಕೈ ತೊಳೆದುಕೊಳ್ಳುತ್ತೀಯ. ಇಲ್ಲಾದರೆ ನಾಲ್ಕು ಜನ ನೋಡುತ್ತಿದ್ದಾರೆ ಅನ್ನೋ ಮರ್ಯಾದೆಗಾದರೂ ಉತ್ತರ ಬರೆಯಬೇಕಾಗುತ್ತೆ. ಆ ನಾಲ್ಕು ಜನಕ್ಕೂ ನಮಸ್ಕಾರ. ಇದು ಡೆಲ್ಟಾರೂನ್ ಅನ್ನೋ ವಿಡಿಯೋ ಗೇಮ್ ವಿಷಯ. ಕಥೆ ಮೊದಲೇ ಗೊತ್ತಾಗಬಾರದು ಅನ್ನೋರು ಇಲ್ಲಿಂದಲೇ ಎದ್ದು ಹೋಗಬಹುದು. ಛತ್ರಿ ವಿಷಯ ಎತ್ತಲ್ಲ ಕರಡಿ, ಹೆದರಬೇಡ.

ನಿನ್ನೆ ರಾತ್ರಿ ಹಳೇ ಲ್ಯಾಪ್‌ಟಾಪ್ ತೆಗೆದೆ. ಸುಮ್ನೆ, ಬಿಸಾಕೋಕೆ ಮುಂಚೆ ಒಳಗೆ ಏನಿದೆ ನೋಡೋಣ ಅಂತ. ಆಟ ನಿಲ್ಲಿಸಿದ ಜಾಗ ಉಳಿಸಿಡುತ್ತಲ್ಲ, ಆ ಎರಡನೇ ಸೇವ್ ಫೈಲ್ ಇನ್ನೂ ಹಾಗೇ ಇದೆ. ನಿನ್ನದು. ಮೊದಲನೇದು ನನ್ನದು, ಮೂರನೇದು ಖಾಲಿ. ಖಾಲಿಯಾಗಿರೋದು ಯಾಕೆ ಅಂತ ನಮ್ಮಿಬ್ಬರಿಗೆ ಗೊತ್ತು, ಇವರಿಗೆ ಬೇಡ.

ನೆನಪಿದೆಯಾ? 2018ರ ಅಕ್ಟೋಬರ್ 31ಕ್ಕೆ ಈ ಆಟ ಮಾಡಿದ ಟೋಬಿ ಫಾಕ್ಸ್ ಮೊದಲ ಚಾಪ್ಟರ್ ಬಿಟ್ಟಿದ್ದ. ಅವನ ಹಿಂದಿನ ಆಟ ಅಂಡರ್‌ಟೇಲ್ ಬಂದು ಮೂರು ವರ್ಷ ಆಗಿತ್ತು. ಪುಕ್ಕಟೆ ಕೊಟ್ಟಿದ್ದ, ಅದೂ ಆಟ ಅಂತ ಹೇಳದೆ, ಏನೋ ಸರ್ವೆ ಅಂತ ಹೇಳಿ. ಮಾರನೇ ದಿನ ನಮಗೆ ರಾಜ್ಯೋತ್ಸವದ ರಜ. ವಿಜಯನಗರದ ಆ ರೂಮಿನ ಕಿಟಕಿ ಕೆಳಗೇ ಪೆಂಡಾಲು, ಆರ್ಕೆಸ್ಟ್ರಾದವರು ಬೆಳಗ್ಗೆಯಿಂದ ಮೈಕ್ ಟೆಸ್ಟಿಂಗ್. ಒಳಗೆ ನಾವಿಬ್ಬರು ಒಂದೇ ಹೆಡ್‌ಫೋನಿನ ಒಂದೊಂದು ಕಿವಿ ಹಂಚಿಕೊಂಡು ಕೂತಿದ್ದೆವು. ಮೊದಲು ಒಂದು ದೇಹ ಕಟ್ಟಿಸುತ್ತೆ ಆ ಆಟ. ತಲೆ ಆರಿಸು, ಮೈ ಆರಿಸು, ಕಾಲು ಆರಿಸು, ಇಷ್ಟದ ರುಚಿ ಹೇಳು, ರಕ್ತದ ಗುಂಪು ಹೇಳು. ರುಚಿಯ ಪಟ್ಟಿಯಲ್ಲಿ ಸಿಹಿ, ಹುಳಿ, ಉಪ್ಪಿನ ಜೊತೆಗೆ 'ನೋವು' ಅಂತಲೂ ಇತ್ತು, ನೀನು ಅದನ್ನೇ ಒತ್ತಿದೆ, ಒತ್ತಿ 'ಮೆಸ್ ಊಟ ತಿಂದವನಿಗೆ ಇದೇ ಸರಿ' ಅಂದೆ. ಅಷ್ಟೆಲ್ಲ ಮಾಡಿಸಿ ಕೊನೆಗೆ ಆ ದೇಹವನ್ನು ತಿಪ್ಪೆಗೆ ಎಸೆದು, ಈ ಲೋಕದಲ್ಲಿ ತಾನು ಯಾರಾಗಬೇಕು ಅಂತ ಯಾರೂ ಆರಿಸಿಕೊಳ್ಳೋ ಹಾಗಿಲ್ಲ ಅಂತ ಹೇಳಿ, ಕ್ರಿಸ್ ಅನ್ನೋ ಮಗುವಿನ ಹಾಸಿಗೆಯಲ್ಲಿ ಎಬ್ಬಿಸುತ್ತೆ. (ಕ್ರಿಸ್ ಗಂಡೋ ಹೆಣ್ಣೋ ಆಟ ಹೇಳಲ್ಲ. ಇಂಗ್ಲಿಷಿನವರು ಅದಕ್ಕೆ ಒದ್ದಾಡುತ್ತಾರೆ. ನಮಗೇನು ಕಷ್ಟ, ಮಗು ಅಂದರೆ ಮುಗೀತು.)

ಆ ಕೋಣೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅರ್ಧ ಭಾಗ ಕಾಲೇಜಿಗೆ ಹೋದ ಅಣ್ಣ ಆಸ್ರಿಯೆಲ್‌ದು, ಅಲ್ಲಿ ಅವನು ಗೆದ್ದ ಕಪ್ಪುಗಳು, ಕಂಪ್ಯೂಟರು, ಎಲ್ಲ ಅವನು ಬಿಟ್ಟು ಹೋದ ಹಾಗೇ. ಇನ್ನರ್ಧ ಕ್ರಿಸ್‌ದು, ಬೋಳು. ಒಂದು ಆಟದ ಗಾಡಿ, ಅದರಲ್ಲಿ ಒಂದು ಹಳೇ ಪಂಜರ. ನೀನು 2019ರಲ್ಲಿ ಡಬ್ಲಿನ್‌ಗೆ ಹೊರಟ ಮೇಲೆ ನಮ್ಮ ರೂಮು ಅದರ ಉಲ್ಟಾ ಆಯ್ತು. ನಿನ್ನರ್ಧ ಬೋಳಾಯ್ತು, ನನ್ನರ್ಧದಲ್ಲಿ ಕೊಳೆ ಬಟ್ಟೆ ರಾಶಿ.

ಆ ರಾಜ್ಯೋತ್ಸವದ ದಿನ ಸಂಜೆ ನಿಮ್ಮಪ್ಪ ಬಂದರಲ್ಲ, ತಿಪಟೂರಿನಿಂದ, ಗೋಣಿಚೀಲದ ತುಂಬ ತೆಂಗಿನಕಾಯಿ ಹೊತ್ತುಕೊಂಡು. ಇಬ್ಬರು ಬ್ರಹ್ಮಚಾರಿಗಳಿಗೆ ಇಪ್ಪತ್ತು ಕಾಯಿ! ಮೇಷ್ಟ್ರು ಬಯ್ಯಬಹುದು ಅಂತ ನಾನು ಎದ್ದು ನಿಂತೆ. ಅವರು ಚಾಪೆ ಮೇಲೆ ಕೂತು, ಕನ್ನಡಕ ಒರೆಸಿಕೊಂಡು, 'ಆ ಕೆಂಪು ಹೃದಯ ಯಾಕೆ ಹಂಗೆ ಓಡಾಡ್ತಿದೆ' ಅಂತ ಕೇಳಿದರು. ಗುಂಡು ಬೀಳುತ್ತೆ, ತಪ್ಪಿಸಿಕೊಳ್ಳಬೇಕು, ಬೇಕಿದ್ದರೆ ಹೊಡೆಯಬಹುದು, ಬೇಡ ಅಂದರೆ ಮಾತಾಡಿಸಿ ಬಿಟ್ಟುಬಿಡಬಹುದು ಅಂತ ನೀನು ವಿವರಿಸಿದೆ. 'ಮಾತಾಡ್ಸಿ ಬಿಡಿ ಹಂಗಾದ್ರೆ' ಅಂದರು. ಕೊನೆವರೆಗೂ ಕೂತಿದ್ದರು ಕಣೋ. ಕ್ರಿಸ್ ರಾತ್ರಿ ಎದ್ದು ತನ್ನ ಎದೆಯಿಂದ ಆ ಹೃದಯವನ್ನು ಕಿತ್ತು ಪಂಜರಕ್ಕೆ ಎಸೆಯುತ್ತಲ್ಲ, ನಾವಿಬ್ಬರೂ ಕಿರುಚಿದೆವು. ಮೇಷ್ಟ್ರು ಮಾತ್ರ ನಿಧಾನಕ್ಕೆ, 'ಪಾಪ, ಒಳಗೆ ಯಾರೋ ಕೂತು ಆಡಿಸ್ತಿದ್ರೆ ಯಾರಿಗ್ ತಾನೆ ಹಿಡಿಸುತ್ತೆ' ಅಂದರು. ಆ ಹೃದಯ ಅಂದರೆ ಆಡುವವರಾದ ನಾವೇ ಅನ್ನೋದು ನಮಗೆ ಹೊಳೆಯೋಕೆ ಇನ್ನೂ ಎರಡು ದಿನ ಬೇಕಾಯ್ತು. ಆಮೇಲೆ ಅವರು ಕೇಳಿದ್ದು ಒಂದೇ, 'ಮುಂದೆ?' ಮುಂದಿನ ಭಾಗ ಇನ್ನೂ ಬರಬೇಕು ಅಂದೆವು. 'ಯಾವಾಗ?' ಗೊತ್ತಿಲ್ಲ ಅಂದೆವು.

ಎರಡನೇ ಚಾಪ್ಟರ್ 2021ರ ಸೆಪ್ಟೆಂಬರ್‌ನಲ್ಲಿ ಬಂತು, ಅದೂ ಪುಕ್ಕಟೆ. ನೀನು ಅಲ್ಲಿ, ನಾನು ಇಲ್ಲಿ, ಸ್ಕ್ರೀನ್ ಶೇರ್. ಅದರಲ್ಲಿ ಬರೋ ಹುಚ್ಚು ಸೇಲ್ಸ್‌ಮನ್ ಸ್ಪಾಮ್ಟನ್ ಮಾತಾಡೋ ಧಾಟಿಯಲ್ಲೇ ನೀನು ಒಂದು ತಿಂಗಳು ಮೆಸೇಜ್ ಮಾಡಿದೆ, ನಿಮ್ಮಕ್ಕ ನಿನ್ನ ಫೋನ್ ಹ್ಯಾಕ್ ಆಗಿದೆ ಅಂದುಕೊಂಡಿದ್ದರು. ಮುಂದಿನದು ಮೂರು, ನಾಲ್ಕು, ಐದು ಒಟ್ಟಿಗೇ ಬರುತ್ತೆ ಅಂದಿದ್ದರು. ಆಮೇಲೆ ಐದು ಹಿಂದಕ್ಕೆ ಸರೀತು. ಮೂರು ಮತ್ತು ನಾಲ್ಕು ಬಂದಾಗ ನಮ್ಮ ಕಡೆ 2025ರ ಜೂನ್ 5, ಗುರುವಾರ. ಈ ಸಲ ದುಡ್ಡು ಕೊಡಬೇಕು, ಆದರೆ ಒಮ್ಮೆ ಕೊಟ್ಟರೆ ಉಳಿದದ್ದೆಲ್ಲ ಬಂದ ಹಾಗೆ ಸೇರಿಕೊಳ್ಳುತ್ತೆ. ಒಟ್ಟು ಏಳು. ತಮಾಷೆ ಏನು ಗೊತ್ತಾ? ನಾವು ಇಷ್ಟು ವರ್ಷ ಕಾದು, ನನ್ನ ತಲೆಕೂದಲು ಹೋಗಿ, ನಿನ್ನ ಹೊಟ್ಟೆ ಬಂದು, ಕ್ರಿಸ್ ಊರಲ್ಲಿ ಕಳೆದದ್ದು ಬರೀ ಮೂರು ದಿನ. ಮೂರೇ ದಿನ! ಆ ಮಗು ಇನ್ನೂ ಮೊನ್ನೆ ಶಾಲೆಗೆ ತಡವಾಗಿ ಹೋದದ್ದರಲ್ಲೇ ಇದೆ.

ಸರಿ, ಮೊದಲನೇ ತಪ್ಪೊಪ್ಪಿಗೆ. ಶನಿವಾರ ಒಟ್ಟಿಗೆ ಆಡೋಣ, ಅಲ್ಲಿವರೆಗೆ ಮುಟ್ಟಬಾರದು ಅಂತ ಮಾತಾಗಿತ್ತು ಅಲ್ವಾ. ನಾನು ಗುರುವಾರ ರಾತ್ರಿಯೇ ಶುರು ಮಾಡಿದೆ. ನಾಲ್ಕು ಗಂಟೆವರೆಗೆ ಮೂರನೇ ಚಾಪ್ಟರ್ ಮುಗಿಸಿ, ಶುಕ್ರವಾರ ಆಫೀಸಿಗೆ ವೈರಲ್ ಫೀವರ್ ಅಂತ ಹೇಳಿ ನಾಲ್ಕನೇದೂ ಮುಗಿಸಿದೆ. ಶನಿವಾರ ನಿನ್ನ ಮುಂದೆ 'ಅಯ್ಯೋ!', 'ಲೋ ಇದೇನೋ!' ಅಂದದ್ದೆಲ್ಲ ನಾಟಕ. ಟಿವಿ ತಲೆಯ ಟೆನ್ನಾ ಬಂದಾಗ ನಾನು ಕುರ್ಚಿಯಿಂದ ಬಿದ್ದದ್ದು ಸಹ.

ಯಾಕೆ ಅಂತ ಕೇಳು. ಆಟದ ಹುಚ್ಚಿಗಲ್ಲ. ಒಟ್ಟಿಗೆ ಆಡುವಾಗ ಮಧ್ಯೆ ಆಟ ನಿಂತು, ನೀನು 'ಮತ್ತೆ, ಹೇಗಿದ್ದೀಯ' ಅಂದರೆ ಏನು ಹೇಳಬೇಕು ಅನ್ನೋ ಭಯಕ್ಕೆ. ಎಲ್ಲಿ ಏನು ಬರುತ್ತೆ ಅಂತ ಮೊದಲೇ ಗೊತ್ತಿದ್ದರೆ ಎಲ್ಲೂ ನಿಲ್ಲದ ಹಾಗೆ ಓಡಿಸಿಕೊಂಡು ಹೋಗಬಹುದು. ಹಾಗೇ ಓಡಿಸಿದೆ. ಟೆನ್ನಾ ಕಥೆಯೇ ಅದು ತಾನೇ? ಹಾಲ್‌ನಲ್ಲಿರೋ ಹಳೇ ಟಿವಿ. ಒಂದು ಕಾಲಕ್ಕೆ ಮನೆಮಂದಿಯೆಲ್ಲ ಸೋಫಾದಲ್ಲಿ ಕೂತು ನೋಡುತ್ತಿದ್ದರು. ಈಗ ಅಪ್ಪ ಬೇರೆ ಮನೆ, ಅಣ್ಣ ಕಾಲೇಜು, ಟಿವಿ ಹತ್ತಿರ ಯಾರೂ ಸುಳಿಯಲ್ಲ. ಸಿಕ್ಕ ಎರಡು ಮಕ್ಕಳನ್ನು ಬಿಟ್ಟುಕೊಡದೆ, ಒಂದು ಆಟ ಮುಗಿಯೋದರೊಳಗೆ ಇನ್ನೊಂದು ಆಟ, ಒಂದು ಬಹುಮಾನ ಕೊಡೋದರೊಳಗೆ ಇನ್ನೊಂದು. ನಾನು ನೋಡಿ ನಗುತ್ತಾ ಇದ್ದವನು ಆಮೇಲೆ ನಗಲಿಲ್ಲ.

ಇಲ್ಲಿಂದ ಮುಂದೆ ಬರೆಯಬೇಕು ಅಂದುಕೊಂಡಿರಲಿಲ್ಲ. ಓದುತ್ತಿರುವವರು ಸ್ವಲ್ಪ ಆ ಕಡೆ ತಿರುಗಿಕೊಳ್ಳಿ.

ನಿನ್ನೆ ನಿನ್ನ ಫೈಲ್ ತೆರೆದೆ ಕರಡಿ. ಮೊದಲ ಚಾಪ್ಟರ್‌ನ ಕೊನೆ, ಸಂಜೆ, ಕ್ರಿಸ್ ಊರೊಳಗೆ. ಆ ಹೊತ್ತಿಗೆ ಕಥೆ ಹೆಚ್ಚುಕಡಿಮೆ ಮುಗಿದಿರುತ್ತೆ. ಸೀದಾ ಮನೆಗೆ ಹೋಗಿ ಮಲಗಿದರೂ ನಡೆಯುತ್ತೆ, ನಾನು ನನ್ನ ಫೈಲ್‌ನಲ್ಲಿ ಹಾಗೇ ಮಾಡಿದ್ದೆ. ನೀನು ಮಾತ್ರ ಆಸ್ಪತ್ರೆಗೆ ಹೋದೆ. ಅಲ್ಲಿ ಕ್ರಿಸ್ ಸಹಪಾಠಿ ನೋಯೆಲ್‌ಳ ಅಪ್ಪ ರೂಡಿ ಹಾಸಿಗೆ ಹಿಡಿದಿರುತ್ತಾನೆ, ಮಲಗಿದ್ದರೂ ಜೋಕು ಹೊಡೆಯೋದು ಬಿಡಲ್ಲ. 'ಅಲ್ಲಿಗೆ ಯಾಕೋ, ಹೋಗದೇ ಇದ್ದರೂ ಆಟ ಮುಂದಕ್ಕೆ ಹೋಗುತ್ತೆ' ಅಂದಿದ್ದೆ ನಾನು. ನೀನು ಉತ್ತರಾನೇ ಕೊಡಲಿಲ್ಲ. ಹಿಂದೆ ಚಾಪೆ ಮೇಲೆ ಮೇಷ್ಟ್ರು ಇದ್ದರು.

2024ರ ಮಾರ್ಚ್. ಮೇಷ್ಟ್ರಿಗೆ ಬೈಪಾಸ್ ಆಗಿ ಜಯನಗರದಲ್ಲಿ ಮಲಗಿದ್ದರು. ನಿನಗೆ ರಜ ಸಿಗಲಿಲ್ಲ. 'ಅಕ್ಕ ಒಬ್ಬಳೇ ಇದ್ದಾಳೆ, ಒಂದ್ಸಲ ಹೋಗಿ ನೋಡ್ಕೊಂಡು ಬಾರೋ' ಅಂದೆ ನೀನು. ಸಂಜೆ ನಾನು ಮಾಡಿದೆ ಫೋನು. 'ನೋಡಿ ಬಂದೆ, ಮಲಗಿದ್ದರು, ಎಬ್ಬಿಸಲಿಲ್ಲ, ಅಕ್ಕ ಕೆಳಗೆ ಫಾರ್ಮಸಿಗೆ ಹೋಗಿದ್ದರಂತೆ' ಅಂದೆ.

ನಾನು ಒಳಗೆ ಹೋಗಿರಲಿಲ್ಲ ಕಣೋ.

ಗೇಟಿನವರೆಗೆ ಹೋಗಿದ್ದೆ, ಅದು ನಿಜ. ಗಾಡಿ ನಿಲ್ಲಿಸಿ ಎದುರುಗಡೆ ಎರಡು ಎಳನೀರು ಕೊಂಡೆ. ಬರಿಗೈಯಲ್ಲಿ ಹೋಗಬಾರದಲ್ಲ. ಕೊಂಡ ಮೇಲೆ ತಿಪಟೂರಿನವರಿಗೆ ಎಳನೀರು ಒಯ್ಯುತ್ತಿದ್ದೀನಲ್ಲ ಅಂತ ನಗು ಬಂತು. ಅಷ್ಟರಲ್ಲಿ ಹಸಿರು ಬಟ್ಟೆ ಹೊದ್ದ ಯಾರನ್ನೋ ಸ್ಟ್ರೆಚರ್ ಮೇಲೆ ಇಳಿಸಿದರು. ಮುಖ ಕಾಣಲಿಲ್ಲ, ಪಾದ ಮಾತ್ರ ಕಂಡಿತು, ಹಿಮ್ಮಡಿ ಒಡೆದಿತ್ತು. ಇಪ್ಪತ್ತು ಕಾಯಿ ಹೊತ್ತು ಮೂರು ಮಹಡಿ ಹತ್ತಿದವರು ಒಳಗೆ ಹೀಗೆ ಮಲಗಿರುತ್ತಾರೆ ಅನ್ನಿಸಿತು. ಐದೂ ನಲವತ್ತು. ಏಳರವರೆಗೂ ಬಿಡುತ್ತಿದ್ದರು. ನಾಳೆ ಬರೋಣ ಅಂದುಕೊಂಡೆ. ಎರಡೂ ಎಳನೀರು ನಾನೇ ಕುಡಿದೆ. ನಾಳೆ ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ. ನೀನು ಬೇರೆ 'ನೀನಿದ್ದೀಯಲ್ಲ, ಅದೇ ಧೈರ್ಯ' ಅಂತ ಬರೆದಿದ್ದೆ. ಅದಕ್ಕೆ ನಾನು ಹೆಬ್ಬೆರಳು ಒತ್ತಿದೆ.

ಆಮೇಲೆ ಹದಿನೈದು ತಿಂಗಳು ನಾನು ಫೋನ್ ಮಾಡಲಿಲ್ಲ. ಕೆಲಸ ಜಾಸ್ತಿ ಅಂದೆ. ನಿಜ ಏನಂದರೆ, ಮಾತಾಡಲು ಒಂದು ನೆಪ ಕಾಯುತ್ತಿದ್ದೆ, ಆ ನೆಪವನ್ನು ಯಾರೋ ಎಲ್ಲೋ ಕೈನೋವು ಇಟ್ಟುಕೊಂಡು ನಿಧಾನಕ್ಕೆ ತಯಾರು ಮಾಡುತ್ತಿದ್ದ. ಎಲ್ಲರೂ ಟೋಬಿ ತಡ ಮಾಡ್ತಾನೆ ಅಂತ ಬೈಯುತ್ತಿದ್ದರು. ನಾನು ಒಂದು ದಿನವೂ ಬೈಯಲಿಲ್ಲ. ತಡ ಆದಷ್ಟೂ ನನಗೆ ಒಳ್ಳೇದಾಗಿತ್ತು.

ಆ ಶನಿವಾರ, ನಾಲ್ಕನೇದು ಮುಗಿದ ಮೇಲೆ, ಫೋನ್ ಇಡೋ ಹೊತ್ತಿಗೆ ನೀನು ಸುಮ್ನೆ ಒಂದು ಮಾತು ಹೇಳಿದೆ. ಅಪ್ಪ ಊರಿಗೆ ಬಂದು ಆರಾಮಾಗಿದ್ದಾರೆ, ಬೆಳಗ್ಗೆ ತೋಟದವರೆಗೆ ನಡೀತಾರೆ, ಆವಾಗಾವಾಗ ನಿನ್ನನ್ನ ಕೇಳ್ತಿರ್ತಾರೆ, ಆ ಹೃದಯ ಪಂಜರದಿಂದ ಈಚೆ ಬಂತಾ ಅಂತಲೂ ಕೇಳ್ತಾರೆ. ನೀನು ನಕ್ಕೆ. ನಾನೂ ನಕ್ಕೆ. ಇಟ್ಟ ಮೇಲೆ ಲೆಕ್ಕ ಹಾಕಿದೆ. ಮೇಷ್ಟ್ರಿಗೆ ಎಪ್ಪತ್ನಾಲ್ಕು. ಆರೂವರೆ ವರ್ಷಕ್ಕೆ ನಾಲ್ಕು ಚಾಪ್ಟರ್. ಐದನೇದು 2026ಕ್ಕೆ ಅಂತ ಹೇಳಿದ್ದಾರೆ, ಆಮೇಲೆ ಇನ್ನೆರಡು. ನೀನು ಲೆಕ್ಕ ಹಾಕಬೇಡ, ನಾನು ಹಾಕಿ ಆಗಿದೆ.

ಅಬ್ಬಾ, ಏನೋ ಬರೆಯೋಕೆ ಹೋಗಿ ಏನೋ ಆಯ್ತು. ಟೆನ್ನಾ ಬಗ್ಗೆ ಎರಡು ಜೋಕು ಹೊಡೆದು, ಕ್ರಿಸ್‌ಗೆ ಸಿಕ್ಕ ಸೂಸಿಯಷ್ಟು ಒಳ್ಳೇ ಗೆಳತಿ ನಮಗ್ಯಾಕೆ ಸಿಗಲಿಲ್ಲ ಅಂತ ಗೋಳಾಡಿ ಮುಗಿಸೋಣ ಅಂತ ಕೂತಿದ್ದೆ. ನೋಡಿದರೆ ವಿರಾಮ ಕೊಟ್ಟಿಲ್ಲದ ಹರಿಕಥೆ. ಇದನ್ನೆಲ್ಲ ಅಳಿಸಿ ಬರೀ ಜೋಕು ಉಳಿಸೋಣ ಅಂತ ಮೂರು ಸಲ ಕೈ ಹೋಯ್ತು. ಅಳಿಸಿದರೆ ಮತ್ತೆ ಐದನೇ ಚಾಪ್ಟರ್‌ವರೆಗೂ ಬರೆಯಲ್ಲ ಅಂತ ನನ್ನ ಬಗ್ಗೆ ನನಗೇ ಗೊತ್ತಿರೋದರಿಂದ ಬಿಟ್ಟಿದ್ದೀನಿ. ನೀನು ಬೈಯೋದಾದರೆ ಫೋನ್ ಮಾಡಿ ಬೈ. ಇಲ್ಲಿ ಬೈದರೆ ಲೈಕ್ ಎಲ್ಲ ನಿನಗೇ ಹೋಗುತ್ತೆ.

ಭಾನುವಾರ ಬೆಳಗಿನ ಅರಸೀಕೆರೆ ಕಡೆ ರೈಲಿಗೆ ಟಿಕೆಟ್ ತಗೊಂಡಿದ್ದೀನಿ, ತಿಪಟೂರಿಗೆ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿದೆ, ಚಾರ್ಜರ್ ಹಾಕಿಯೇ ಇರಬೇಕು, ನಿಮ್ಮ ಹಾಲ್‌ನಲ್ಲಿ ಪ್ಲಗ್ ಪಾಯಿಂಟ್ ಟಿವಿ ಹಿಂದೆ ಒಂದೇ ಇರೋದು ಅಂತ ನೆನಪು. ಟಿವಿ ವೈರ್ ಕೀಳಬೇಕಾಗುತ್ತೆ, ಟೆನ್ನಾ ಕ್ಷಮಿಸಲಿ. ಎರಡನೇ ಚಾಪ್ಟರ್‌ನಿಂದ ತೋರಿಸುತ್ತೀನಿ. ಮೇಷ್ಟ್ರು ಎಲ್ಲರನ್ನೂ ಮಾತಾಡಿಸಿ ಬಿಡಿ ಅಂತಾರೆ, ಹಾಗಾಗಿ ರಾತ್ರಿ ಆಗುತ್ತೆ, ಅಮ್ಮನಿಗೆ ಒಂದು ಪಾವು ಅಕ್ಕಿ ಜಾಸ್ತಿ ಇಡೋಕೆ ಹೇಳು. ಯಾಕೆ ಬರುತ್ತಿದ್ದೀನಿ ಅಂತ ಮಾತ್ರ ಹೇಳಬೇಡ. ಅದನ್ನು ನಾನೇ ಹೇಳುತ್ತೀನಿ. ಹೇಳದೇ ಇದ್ದರೆ ನೀನು ಹೇಳು.

ಎಳನೀರು ತರಲ್ಲ.

ನಿನ್ನ,
ಮೊದಲನೇ ಫೈಲ್

ತಾ.ಕ.: ಮೂರನೇ ಚಾಪ್ಟರ್‌ನಲ್ಲಿ ನಾನು ಇನ್ನೂ ಬಾಗಿಲು ದಾಟಿರಲಿಲ್ಲ, ಆಗಲೇ ನೀನು 'ಎಡಕ್ಕೆ ನೋಡು' ಅಂದೆ. ಅಲ್ಲಿ ಎಡಕ್ಕೆ ಏನಿದೆ ಅಂತ ನಿನಗೆ ಹೇಗೆ ಗೊತ್ತಿತ್ತು ಕರಡಿ? ಶುಕ್ರವಾರ ಡಬ್ಲಿನ್‌ನಲ್ಲೂ ವೈರಲ್ ಫೀವರ್ ಇತ್ತಾ?